ಕ್ಯಾನಪ್ಪನ ವ್ಯಾನಿಗೆ ಹೊಸ ಟಯರು

ಟಯರು ಸಿಡಿದ ದಿನ ಕ್ಯಾನಪ್ಪ ಮಟಮಟ ಮಧ್ಯಾಹ್ನ ಮನೆಗೆ ಬಂದ, ಅದೂ ನಡೆದುಕೊಂಡು. ಆ ಹೊತ್ತಿನಲ್ಲಿ ಅವನು ಮನೆಗೆ ಬಂದನೆಂದರೆ ಒಂದೋ ಜ್ವರ, ಇಲ್ಲವೇ ಯಾರ ಜೊತೆಗೋ ಜಗಳ. ಹೆಂಡತಿ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದು ಓಣಿಯ ಉದ್ದಕ್ಕೂ ಕಣ್ಣಾಡಿಸಿದಳು.

"ವ್ಯಾನೆಲ್ಲಿ ರೀ?"

"ಇದೆ."

"ಎಲ್ಲಿದೆ?"

"ರಸ್ತೇಲಿ. ಮೊದ್ಲು ಕುಡಿಯೋಕೆ ನೀರು ಕೊಡು."

ಊರಿಗೆಲ್ಲ ನೀರು ಹಾಕುವವನು ಒಂದು ಲೋಟ ನೀರಿಗೆ ಕೈಯೊಡ್ಡಿದ್ದನ್ನು ಬೇರೆ ದಿನವಾಗಿದ್ದರೆ ಅಜ್ಜಿ ಸುಮ್ಮನೆ ಬಿಡುತ್ತಿರಲಿಲ್ಲ. ಅಂದು ಬಿಟ್ಟಳು. ಲೋಟ ಮಗನ ಹಲ್ಲಿಗೆ ಟಕಟಕ ತಾಕುವುದು ಅವಳಿಗೂ ಕೇಳಿಸುತ್ತಿತ್ತು.

ಕ್ಯಾನಪ್ಪ ಎನ್ನುವುದು ಓಣಿಯವರು ಇಟ್ಟ ಹೆಸರು. ದೊಡ್ಡ ವ್ಯಾನಿನ ತುಂಬ ಕುಡಿಯುವ ನೀರಿನ ಕ್ಯಾನು ಹೇರಿಕೊಂಡು ಆಫೀಸು, ಅಂಗಡಿ, ಕ್ಲಿನಿಕ್ಕುಗಳಿಗೆ ಹಾಕಿ ಬರುವುದು ಅವನ ಕಸುಬು. ವರ್ಷಗಟ್ಟಲೆ ಕ್ಯಾನು ಹೊತ್ತು ಹರ್ನಿಯಾ ಆಗಿ, ಆಪರೇಷನ್ನೂ ಆಗಿ, ಇನ್ನು ಮೇಲೆ ಎತ್ತುವುದು ತಳ್ಳುವುದು ಎರಡೂ ಬಂದ್ ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅಂದಿನಿಂದ ಕ್ಯಾನು ಇಳಿಸುವುದಕ್ಕೆ, ನೀರು ತುಂಬಿಸುವಲ್ಲಿ ಹತ್ತಿ ಅಲ್ಲೇ ಇಳಿಯುವ ಒಬ್ಬ ಲೋಡರು, ಸ್ಟೇರಿಂಗು ಹಿಡಿಯುವುದಕ್ಕೆ ಇವನು.

"ಇಳಿಜಾರಲ್ಲಿ ಹಿಂದಿನ ಟಯರು ಢಂ ಅಂತು," ಎಂದ ಕ್ಯಾನಪ್ಪ, ಲೋಟ ಕೆಳಗಿಟ್ಟು. "ಸೇತುವೆ ಗೋಡೆಗೆ ಉಜ್ಜಿಕೊಂಡು ನಿಂತಿತು. ಗೋಡೆ ಇಲ್ದೇ ಇದ್ದಿದ್ರೆ ನಾನೂ ಇಲ್ಲ, ವ್ಯಾನೂ ಇಲ್ಲ. ರಿಮ್ಮು ಸೀಳಿದೆ. ಉಳಿದ ಮೂರೂ ಇವತ್ತೋ ನಾಳೆಯೋ ಅನ್ನೋ ಹಾಗಿವೆ."

"ನಿನ್ನ ತಲೆ ಥರ ನುಣ್ಣಗಾಗಿವೆ ಅಂತ ನಾನು ಯಾವತ್ತೋ ಹೇಳಿದ್ದೆ," ಎಂದಳು ಅಜ್ಜಿ. ಮಗ ಬದುಕಿ ಬಂದಿದ್ದಾನೆ ಎಂದು ಖಾತ್ರಿಯಾದ ಮೇಲೆ ಅವಳ ಬಾಯಿ ತನ್ನ ಕೆಲಸಕ್ಕೆ ಮರಳಿತ್ತು.

ವ್ಯಾನು ನಿಂತರೆ ನಿಲ್ಲುವುದು ನೀರು ಮಾತ್ರವಾಗಿದ್ದರೆ ಹೇಗೋ ಆಗುತ್ತಿತ್ತು. ಅದರ ದಿನದ ಮೊದಲ ಟ್ರಿಪ್ಪು ನೀರಿನದಲ್ಲ, ದೊಡ್ಡ ಮಗಳದು. ಕಾಲೇಜಿನ ದಿನಗಳಲ್ಲಿ ಮೆಟ್ಟಿಲಿನಿಂದ ಬಿದ್ದು ಸೊಂಟದ ಕೆಳಗೆ ಸ್ವಾಧೀನ ಕಳೆದುಕೊಂಡ ಮೇಲೆ ಅವಳ ಬದುಕೆಲ್ಲ ಗಾಲಿಕುರ್ಚಿಯಲ್ಲಿ. ಎಷ್ಟೋ ವರ್ಷ ಮುಂದಿನ ಕೋಣೆಯ ಕಿಟಕಿಗೆ ಮುಖ ಮಾಡಿ, ಓಣಿಯಲ್ಲಿ ಯಾರ ಮನೆಗೆ ಯಾರು ಬಂದರು ಎಂದು ನೋಡುತ್ತ ಕಾಲ ಕಳೆದಳು. ಕೊನೆಗೆ ವಿದ್ಯುತ್ ಕಚೇರಿಯ ದೂರು ವಿಭಾಗದಲ್ಲಿ ಫೋನು ತೆಗೆಯುವ ಕೆಲಸ ಸಿಕ್ಕಿತು. ಕರೆಂಟು ಹೋದವರೆಲ್ಲ ಬೈಯಲು ಫೋನು ಮಾಡುವ ಜಾಗ ಅದು. ಬೈಸಿಕೊಂಡು ಸಂಜೆ ನಗುನಗುತ್ತ ಮನೆಗೆ ಬರುತ್ತಿದ್ದಳು. ಮನೆಯಲ್ಲಿ ಯಾರಾದರೂ ದನಿ ಏರಿಸಿದರೆ, "ದಯವಿಟ್ಟು ನಿಧಾನವಾಗಿ ಹೇಳಿ, ನಿಮ್ಮ ದೂರು ಬರೆದುಕೊಳ್ಳುತ್ತಿದ್ದೇನೆ," ಎಂದು ಅಜ್ಜಿಯನ್ನೂ ನಗಿಸುತ್ತಿದ್ದಳು.

ಅವಳನ್ನು ವ್ಯಾನಿಗೆ ಹತ್ತಿಸುವುದು ಅಮ್ಮನ ಕೆಲಸ. ಓಣಿಯ ಕೊನೆಯ ಮನೆಯಾದ್ದರಿಂದ ಕ್ಯಾನಪ್ಪ ವ್ಯಾನನ್ನು ಹಿಂದಕ್ಕೆ ತಂದು ಹಿಂಬಾಗಿಲನ್ನು ಅಂಗಳಕ್ಕೆ ಎದುರಾಗಿ ನಿಲ್ಲಿಸುತ್ತಿದ್ದ. ಅಮ್ಮ ಕಬ್ಬಿಣದ ತಗಡನ್ನು ಎಳೆದು ಏರಿನಂತೆ ಹಾಕುತ್ತಿದ್ದಳು. ಕಬ್ಬಿಣದ್ದಾದರೂ ಮನೆಯಲ್ಲಿ ಅದಕ್ಕೆ ಹಲಗೆ ಎಂದೇ ಹೆಸರು. ಕುರ್ಚಿಯ ಹಿಡಿ ಹಿಡಿದು ಒಂದೇ ಉಸಿರಿಗೆ ಮೇಲೆ. ಆಫೀಸಿನಲ್ಲಿ ಇಳಿಸಲು, ಸಂಜೆ ಹತ್ತಿಸಲು ಅಲ್ಲಿನ ಕಾವಲುಗಾರನಿದ್ದ. ಇಲ್ಲಿ ಇಳಿಸಲು ಮತ್ತೆ ಅಮ್ಮ. ಆ ಹಲಗೆಯ ಏರು ಅವಳ ತೋಳಿನ ಬಲಕ್ಕೆ ಅಳತೆ ಮಾಡಿ ಹೊಲಿಸಿದಂತಿತ್ತು. ಇನ್ನೊಂದು ಕೂದಲೆಳೆ ಹೆಚ್ಚಾಗಿದ್ದರೂ ಆಗುತ್ತಿರಲಿಲ್ಲ.

ಅಂದು ರಾತ್ರಿ ಊಟಕ್ಕೆ ಕೂತಾಗ ಟಯರಿನ ಮಾತು ಬಂತು. ಬಂದದ್ದೇ ತಡ, ಎಲ್ಲರೂ ಟಯರು ಪಂಡಿತರಾದರು.

"ಅಲಾಯ್ ರಿಮ್ಮು ಹಾಕ್ಸಪ್ಪ," ಎಂದ ಚಿಕ್ಕವನು, ದೊಡ್ಡವಳ ತಮ್ಮ. ಅವನು ಗೋದಾಮೊಂದರಲ್ಲಿ ರಾತ್ರಿ ಪಾಳಿ ಕಾಯುವವನು. ಸಂಜೆ ಎದ್ದು, ಎಲ್ಲರೂ ರಾತ್ರಿಯ ಊಟ ಮಾಡುವಾಗ ತಿಂಡಿ ತಿನ್ನುವ ಅವನನ್ನು ಅಜ್ಜಿ ಗೂಬೆ ಎಂದೇ ಕರೆಯುತ್ತಿದ್ದಳು. "ಫಳಫಳ ಅಂತಿರತ್ತೆ. ನೋಡಿದವ್ರು ತಿರುಗಿ ನೋಡ್ಬೇಕು."

"ನೀರಿನ ವ್ಯಾನಿಗೆ ಮದುವಣಗಿತ್ತಿ ಅಲಂಕಾರ ಯಾಕೋ ಗೂಬೆ?"

"ನಿಂಗೇನು ಗೊತ್ತಜ್ಜಿ."

"ಹಳೇ ಟಯರಿಗೆ ಹೊಸ ರಬ್ಬರು ಅಂಟಿಸಿ ಮಾರ್ತಾರಲ್ಲ, ಅದೇ ಸಾಕು," ಎಂದ ಕ್ಯಾನಪ್ಪ, ಆಲೂಗಡ್ಡೆ ಮುರಿಯುತ್ತ. "ಇಷ್ಟು ವರ್ಷ ಓಡಲಿಲ್ವಾ?"

ಅಮ್ಮ ಬಡಿಸುತ್ತಿದ್ದ ಸೌಟನ್ನು ಪಾತ್ರೆಗೆ ಬಡಿದಳು. "ಓಡಿದ್ದು ಎಲ್ಲೀವರೆಗೆ ಅಂತ ಇವತ್ತು ನೋಡಿದ್ರಲ್ಲ! ಅಂಟಿಸಿದ್ದು ಈ ಮನೆ ವ್ಯಾನಿಗೆ ಬೇಡ. ಹಾಕಿಸೋದಾದ್ರೆ ಗಟ್ಟಿ ಟಯರು ಹಾಕ್ಸಿ. ಇಲ್ದಿದ್ರೆ ನಾನು ಕೀ ಬಚ್ಚಿಡ್ತೀನಿ."

"ಗಟ್ಟಿ ಅಂದ್ರೆ ಯಾವುದು? ಅಂಗಡೀಲಿ ಗೋಡೆ ತುಂಬ ನೇತು ಹಾಕಿರ್ತಾರೆ. ಎಲ್ಲಾ ಕಪ್ಪಗೇ ಇರತ್ತೆ, ಎಲ್ಲಾ ಗಟ್ಟಿ ಅಂತಾನೇ ಹೇಳ್ತಾರೆ."

ಮಾತು ಒಂದು ಸುತ್ತು ಬಂದು ಅಲ್ಲೇ ನಿಂತಿತು. ಕ್ಯಾನಪ್ಪ ಎಲ್ಲರ ಮುಖ ನೋಡಿ ಕೊನೆಗೆ ದೊಡ್ಡವಳ ಕಡೆ ತಿರುಗಿದ. "ನೀನು ಓದಿದವಳು. ಫೋನಲ್ಲಿ ಏನೇನೋ ನೋಡ್ತೀಯ. ನೋಡಿ ಹೇಳು, ನೀನು ಹೇಳಿದ್ದೇ ಹಾಕ್ಸೋದು."

ದೊಡ್ಡವಳ ತುತ್ತು ಕೈಯಲ್ಲೇ ಉಳಿಯಿತು. ಆ ಮನೆಯಲ್ಲಿ ಅವಳಿಗೆ ಯಾರೂ ಏನೂ ಕಡಿಮೆ ಮಾಡಿರಲಿಲ್ಲ. ಆದರೆ ಪರದೆಯ ಬಣ್ಣಕ್ಕಿಂತ ದೊಡ್ಡ ವಿಷಯವನ್ನು ಅವಳ ತೀರ್ಮಾನಕ್ಕೆ ಬಿಟ್ಟದ್ದೂ ಇಲ್ಲ.

"ನಾನಾ?" ಎಂದಳು.

"ಮತ್ತೆ ಈ ಗೂಬೇನಾ?" ಎಂದಳು ಅಜ್ಜಿ.

ಮರುದಿನದಿಂದ ಮನೆಯಲ್ಲಿ ಬೇರೆ ಮಾತಿಲ್ಲ. ದೊಡ್ಡವಳು ಚಹಾ ಕುಡಿಯುತ್ತ ಟಯರು, ಊಟ ಮಾಡುತ್ತ ಟಯರು. ಟಯರಿನ ಪಕ್ಕೆಯ ಮೇಲೆ ಅಚ್ಚೊತ್ತಿದ ಅಂಕಿಗಳಿಗೆ ಅರ್ಥವಿದೆ ಎಂದು ಅವಳೇ ಕಂಡುಹಿಡಿದಂತೆ ಎಲ್ಲರಿಗೂ ಪಾಠ ಮಾಡಿದಳು. ಇದು ಅಗಲ, ಇದು ಎತ್ತರ, ಇದು ಎಷ್ಟು ತೂಕ ತಡೆಯುತ್ತದೆ ಎನ್ನುವುದು. ಕ್ಯಾನಪ್ಪ ಗೆಳೆಯನಿಂದ ಎರವಲು ಪಡೆದ ಚಕ್ರ ಹಾಕಿ ತಂದಿದ್ದ ವ್ಯಾನಿನ ಕೆಳಗೆ ಚಿಕ್ಕವನನ್ನು ಮಲಗಿಸಿ ಮಸಿ ಒರೆಸಿ ಒರೆಸಿ ಓದಿಸಿದಳು. ಆಫೀಸಿನ ಜೀಪಿನ ಚಾಲಕನನ್ನು ಊಟದ ಹೊತ್ತಿನಲ್ಲಿ ಹಿಡಿದು ಪ್ರಶ್ನೆ ಕೇಳಿದಳು.

"ಅಪ್ಪಾ, ತುಂಬಿದಾಗ ವ್ಯಾನಲ್ಲಿ ಎಷ್ಟು ಕ್ಯಾನಿರತ್ತೆ?"

"ಹಿಡಿಸಿದಷ್ಟು."

"ಹಾಗಂದ್ರೆ ಆಗಲ್ಲ. ಅಂದಾಜು ಹೇಳು. ಲೋಡರು ಎಷ್ಟು ತೂಕ ಇದಾನೆ? ನೀನೆಷ್ಟು?"

"ನನ್ನ ತೂಕ ಯಾಕೆ, ಟಯರಿಗಾ, ಚಟ್ಟಕ್ಕಾ?"

"ಬಿಡ್ತು ಅನ್ನಿ!" ಎಂದು ಅಮ್ಮ ಒಳಗಿನಿಂದ ಕೂಗಿದಳು.

ಕಡೆಗೆ ತೀರ್ಮಾನವಾಯಿತು. ನೀರು ತುಂಬಿಸುವ ಘಟಕಕ್ಕೆ ಹೋಗುವ ರಸ್ತೆ ಗುಂಡಿಗಳ ಸಂತೆ. ಹಾಗಾಗಿ ಮೊದಲಿಗಿಂತ ದೊಡ್ಡ ರಿಮ್ಮು, ದಪ್ಪ ಗೋಡೆಯ ಎತ್ತರದ ಟಯರು, ಭಾರ ಹೊರುವ ಗಾಡಿಗಳಿಗೆಂದೇ ಮಾಡಿದ್ದು. ಟಯರು ದೊಡ್ಡದಾದರೆ ವ್ಯಾನಿನ ಮೈಗೆ ತಾಗಬಾರದಲ್ಲ, ಅದಕ್ಕೆ ಹಿಂದಿನ ಚಕ್ರಗಳ ಮೇಲೆ ವ್ಯಾನನ್ನು ಎತ್ತಿ ಹಿಡಿಯುವ ಉಕ್ಕಿನ ಕಮಾನಿಗೆ ಒಂದು ಪಟ್ಟಿ ಹೆಚ್ಚು. ಟಯರು ಅಂಗಡಿಯವನು ಫೋನಿನಲ್ಲಿ ಅವಳ ಮಾತು ಕೇಳಿ, "ಮೇಡಂ, ನೀವು ಇಷ್ಟು ವಿಚಾರಿಸಿದ ಮೇಲೆ ನಾನು ಹೇಳೋಕೆ ಏನೂ ಉಳಿದಿಲ್ಲ. ಲೋಡ್ ಗಾಡಿಗೆ ಇದಕ್ಕಿಂತ ಸರಿಯಾದ್ದು ಇಲ್ಲ," ಎಂದ. ಅವನು ಹೇಳಿದ್ದು ನಿಜವೇ. ಅರ್ಧ ದುಡ್ಡನ್ನು ಅವಳೇ ತನ್ನ ಸಂಬಳದಿಂದ ಕೊಟ್ಟಳು. ಅಪ್ಪ ಬೇಡವೆಂದರೂ ಕೇಳಲಿಲ್ಲ.

ವ್ಯಾನು ಹೊಸ ಟಯರು ಹಾಕಿಸಿಕೊಂಡು ಓಣಿಗೆ ಬಂದಾಗ ಅಕ್ಕಪಕ್ಕದವರೂ ಹೊರಗೆ ಬಂದು ನೋಡಿದರು. ವ್ಯಾನು ಎದೆ ಸೆಟೆಸಿ ನಿಂತಂತಿತ್ತು. ಕ್ಯಾನಪ್ಪ ಒಂದೊಂದೇ ಟಯರಿಗೆ ಕಾಲಿನಿಂದ ಒದ್ದು ತೋರಿಸಿದ.

"ಕಲ್ಲು ಕಲ್ಲು! ನನ್ನ ಮಗಳು ಆರಿಸಿದ್ದು."

ದೊಡ್ಡವಳು ಬಾಗಿಲಲ್ಲಿ ಕೂತು ನಗುತ್ತಿದ್ದಳು. ಆ ನಗುವನ್ನು ನೋಡಿ ಅಮ್ಮನ ಕಣ್ಣು ತುಂಬಿತು. ಇಂಥದೊಂದು ನಗು ಆ ಮುಖದಲ್ಲಿ ಎಷ್ಟು ವರ್ಷವಾದ ಮೇಲೆ ಬಂತು ಎಂದು ಯಾರಿಗೂ ನೆನಪಾಗದು.

ಬೆಳಿಗ್ಗೆ ಅಮ್ಮ ಎಂದಿನಂತೆ ಹಲಗೆ ಎಳೆದಳು. ತುದಿಯನ್ನು ವ್ಯಾನಿನ ನೆಲಕ್ಕೆ ಎತ್ತಿ ಇಡುವಾಗಲೇ ಏನೋ ಬೇರೆಯಾಗಿದೆ ಎನ್ನಿಸಿತು. ವ್ಯಾನು ಒಂದು ಅಂಗೈ ಅಗಲ ಎತ್ತರವಾಗಿತ್ತು. ಕ್ಯಾನು ತುಂಬಿದ್ದರೆ ತುಸು ಕುಸಿದಿರುತ್ತಿತ್ತೋ ಏನೋ. ಬೆಳಗಿನ ಖಾಲಿ ವ್ಯಾನಿನಲ್ಲಿ ಹೊಸ ಪಟ್ಟಿ ಬಿಗಿದುಕೊಂಡು ಇನ್ನೂ ಎತ್ತಿ ಹಿಡಿದಿತ್ತು. ಅವಳು ಕುರ್ಚಿಯ ಹಿಂದೆ ನಿಂತು ಉಸಿರು ಕಟ್ಟಿ ತಳ್ಳಿದಳು. ಅರ್ಧ ದಾಟಿ ಕುರ್ಚಿ ನಿಂತಿತು.

ಮಗಳ ಮುಖ ವ್ಯಾನಿನ ಕಡೆಗಿತ್ತು. ಹಿಂದೆ ಅಮ್ಮನ ಮುಖ ಕೆಂಪೇರಿದ್ದು, ಕುತ್ತಿಗೆಯ ನರ ಉಬ್ಬಿದ್ದು ಅವಳಿಗೆ ಕಾಣುವಂತಿರಲಿಲ್ಲ.

"ಏನಾಯ್ತಮ್ಮಾ?"

"ಏನಿಲ್ಲ. ಚಪ್ಪಲಿ ಜಾರ್ತು."

ಮೊಣಕಾಲನ್ನು ಕುರ್ಚಿಯ ಬೆನ್ನಿಗೆ ಕೊಟ್ಟು, ಹಲ್ಲು ಕಚ್ಚಿ, ಹೇಗೋ ಮೇಲೆ ಸೇರಿಸಿದಳು. ಮುಂದಿನ ಸೀಟಿನಲ್ಲಿ ಕೂತಿದ್ದ ಕ್ಯಾನಪ್ಪ ಎಲ್ಲವನ್ನೂ ಕನ್ನಡಿಯಲ್ಲಿ ನೋಡಿದ. ಅವನೂ ತುಟಿ ಬಿಚ್ಚಲಿಲ್ಲ.

ಆ ಮನೆಯ ತಪ್ಪು ಅಲ್ಲಿ ಶುರುವಾಯಿತು ಎನ್ನಬೇಕು. ಟಯರಿನದಲ್ಲ, ಬಾಯಿಯದು. ಅವತ್ತೇ, ಆ ಅಂಗಳದಲ್ಲೇ, "ಅಯ್ಯೋ, ಎತ್ತರ ಆಗೋಯ್ತಲ್ಲೇ!" ಎಂದು ಒಂದು ಮಾತು ಅಂದಿದ್ದರೆ, ಇನ್ನೂ ಓಡದ ಟಯರನ್ನು ಅಂಗಡಿಯವನು ಗೊಣಗಿಕೊಂಡಾದರೂ ಬದಲಿಸಿ ಕೊಡುತ್ತಿದ್ದ. ಅನ್ನಲಿಲ್ಲ. ಸಂಜೆ ಕ್ಯಾನಪ್ಪ ಅಡುಗೆಮನೆಗೆ ಬಂದು ಬಾಗಿಲು ಓರೆ ಮಾಡಿದ.

"ಆಗ್ತಿಲ್ಲ ಅಲ್ವಾ?"

"ಆಗತ್ತೆ. ರೂಢಿಯಾದ್ರೆ ಆಗತ್ತೆ."

"ಸುಳ್ಳು ಹೇಳ್ಬೇಡ. ನಾನು ನೋಡ್ದೆ. ಅವಳಿಗೆ ಹೇಳೋಣ."

"ನಿಮ್ಮ ಕೈ ಮುಗೀತೀನಿ ರೀ, ಬೇಡ. ಒಂದೇ ಒಂದು ಕೆಲಸ ಅವಳ ಕೈಗೆ ಕೊಟ್ವಿ. ಅದೂ ನಿಂದು ತಪ್ಪಾಯ್ತು ಅಂತ ಹೇಳೋದಾ? ಅವಳ ಮುಖ ನೋಡಿದ್ರಾ ನಿನ್ನೆ?"

ಕ್ಯಾನಪ್ಪ ನೋಡಿದ್ದ. ಅದಕ್ಕೇ ಅವನ ಬಾಯಿಯೂ ಕಟ್ಟಿತು.

ಮಹಡಿಯಲ್ಲಿ ಬಾಡಿಗೆಗಿದ್ದ ಯುವಕನನ್ನು ಓಣಿಯವರು ಪೈಲ್ವಾನ ಎನ್ನುತ್ತಿದ್ದರು. ದಿನವೂ ಕಬ್ಬಿಣ ಎತ್ತುವವನು. ಅಮ್ಮ ಮೆಟ್ಟಿಲ ಹತ್ತಿರ ಕಾದು ನಿಂತು, "ಸ್ವಲ್ಪ ಕೈ ಹಾಕ್ತೀಯೇನಪ್ಪಾ? ನಂಗೆ ಸೊಂಟ ಹಿಡ್ಕೊಂಡಿದೆ," ಎಂದಳು. ಅವನು ಖುಷಿಯಿಂದಲೇ ಬಂದ. ಮೊದಲ ದಿನ ಒಂದೇ ಕೈಯಲ್ಲಿ ತಳ್ಳಿ ತೋರಿಸಿದ. ಆಮೇಲಾಮೇಲೆ ಗಡಿಯಾರ ನೋಡಿಕೊಂಡು ತಳ್ಳಿದ. ಮುಂದಿನ ವಾರ ಅವನು ಇನ್ನೂ ಬೇಗ ಆಫೀಸಿಗೆ ಹೊರಡಲು ಶುರು ಮಾಡಿದ. ಅವನನ್ನು ಬೈದು ಪ್ರಯೋಜನವಿಲ್ಲ. ಪಕ್ಕದ ಮನೆಯ ಕಷ್ಟವನ್ನು ನಾವೆಲ್ಲ ಎಷ್ಟು ದಿನ ತಳ್ಳುತ್ತೇವೆ?

"ಸೊಂಟ ಇನ್ನೂ ಬಿಟ್ಟಿಲ್ವಾಮ್ಮಾ?" ಎಂದು ದೊಡ್ಡವಳು ಕೇಳಿದಳು. "ಡಾಕ್ಟರಿಗೆ ತೋರ್ಸು."

"ವಯಸ್ಸಾಯ್ತಲ್ಲೇ."

"ನಾನು ಬೇಕಾದ್ರೆ ಹೋಗಿ ತಳ್ತೀನಿ," ಎಂದಳು ಅಜ್ಜಿ.

"ನೀನು ತಳ್ಳಿದ್ರೆ ಆಮೇಲೆ ನಿನ್ನನ್ನ ಯಾರು ತಳ್ಳೋದು?" ಎಂದಳು ದೊಡ್ಡವಳು. ಎಲ್ಲರೂ ನಕ್ಕರು. ಅಮ್ಮನೂ ನಕ್ಕಳು, ಸೆರಗಿನಿಂದ ಬಾಯಿ ಮುಚ್ಚಿಕೊಂಡು.

ಕ್ಯಾನಪ್ಪ ಸುಮ್ಮನೆ ಕೂರಲಿಲ್ಲ. ಆಯಿಲ್ ಬದಲಿಸಬೇಕು ಎಂದು ಸುಳ್ಳು ಹೇಳಿ ಮೆಕ್ಯಾನಿಕ್ಕಿನ ಹತ್ತಿರ ಹೋದ.

"ಆ ಪಟ್ಟಿ ತೆಗೆದುಬಿಡಪ್ಪಾ. ವ್ಯಾನು ಸ್ವಲ್ಪ ತಗ್ಗಬೇಕು."

"ತೆಗೀಬಹುದು. ಲೋಡ್ ಹಾಕಿದ ತಕ್ಷಣ ಟಯರು ಮೈಗೆ ಸವರತ್ತೆ. ಸವರಿ ಸವರಿ ಒಂದಿನ ಸಿಡಿಯತ್ತೆ. ಮೊದಲು ಸಿಡಿದದ್ದು ಸಾಕಾಗಲಿಲ್ವಾ?"

ಟಯರು ಅಂಗಡಿಗೆ ಹೋದ. ಹಳೆಯ ರಿಮ್ಮುಗಳು ಗುಜರಿಗೆ ಹೋಗಿದ್ದವು. ಓಡಿದ ಟಯರು ವಾಪಸು ತಗೊಳ್ಳಲು ಬರುವುದಿಲ್ಲ ಎಂದು ಅಂಗಡಿಯವನು ಕೈ ಚೆಲ್ಲಿದ. "ನಿಮ್ಮ ಗಾಡೀಲಿ ಗಾಲಿಕುರ್ಚಿ ಹತ್ತತ್ತೆ ಅಂತ ಮೇಡಂ ಒಂದು ಮಾತೂ ಹೇಳಲಿಲ್ವಲ್ಲ ಸಾರ್," ಎಂದು ಅವನೂ ನೊಂದುಕೊಂಡ.

ವೆಲ್ಡಿಂಗಿನವನು ಮನೆಯವರೆಗೆ ಬಂದು ಟೇಪು ಹಿಡಿದು ನೋಡಿದ. ಹಲಗೆ ಉದ್ದವಾದರೆ ಏರು ಕಡಿಮೆಯಾಗುತ್ತದೆ, ಸರಿ. ಆದರೆ ವ್ಯಾನಿನ ಮೂತಿ ಆಗಲೇ ಓಣಿಯ ತಿರುವಿನ ಗೋಡೆಗೆ ಹತ್ತಿ ನಿಲ್ಲುತ್ತಿತ್ತು. ಉದ್ದದ ಹಲಗೆಯ ತುದಿ ಹೊಸ್ತಿಲಿಗೆ ಬಡಿದರೆ ಕುರ್ಚಿ ತಿರುಗಿಸುವುದಕ್ಕೆ ಅಂಗಳವೇ ಉಳಿಯುವುದಿಲ್ಲ. ಮೇಲಾಗಿ ಅಷ್ಟುದ್ದದ ಕಬ್ಬಿಣವನ್ನು ಎಳೆದು ಹಾಕುವವರು ಯಾರು? ವೆಲ್ಡಿಂಗಿನವನು ಚಹಾ ಕುಡಿದು, ತಲೆ ಕೆರೆದುಕೊಂಡು ಹೋದ.

ಅಲ್ಲಿಂದ ಮುಂದೆ ಕ್ಯಾನಪ್ಪ ತಾನೇ ತಳ್ಳಲು ನಿಂತ. ಅಮ್ಮ ಒಂದು ಹಿಡಿ, ಅವನು ಒಂದು ಹಿಡಿ.

"ಅಪ್ಪಾ, ನೀನ್ಯಾಕೆ? ಡಾಕ್ಟರು ಏನಂದಿದ್ರು?"

"ಸುಮ್ನೆ ಕೈ ಇಟ್ಟಿದೀನಿ ಅಷ್ಟೇ ಕಣೇ. ನಿಮ್ಮಮ್ಮಂಗೆ ಧೈರ್ಯಕ್ಕೆ."

ಅವನು ಬರೀ ಕೈ ಇಟ್ಟಿರಲಿಲ್ಲ. ವಾರ ಕಳೆಯುವಷ್ಟರಲ್ಲಿ ಊಟಕ್ಕೆ ಕೂತರೆ ಏಳುವಾಗ ಗೋಡೆ ಹಿಡಿಯತೊಡಗಿದ. ಒಂದು ಸಂಜೆ ಅಂಗಿ ಬದಲಿಸುವಾಗ ಹಳೆಯ ಹೊಲಿಗೆಯ ಪಕ್ಕದಲ್ಲಿ ಉಬ್ಬು ಎದ್ದಿರುವುದು ಹೆಂಡತಿಯ ಕಣ್ಣಿಗೆ ಬಿತ್ತು.

"ರೀ, ಇದೇನಿದು?"

"ಕೂಗ್ಬೇಡ."

"ನಾಳೆಯಿಂದ ನೀವು ಹಲಗೆ ಹತ್ರ ಬಂದ್ರೆ ನನ್ನಾಣೆ."

"ನಾನು ಬರ್ದೇ ಇದ್ರೆ ಅವಳು ಹೇಗೆ ಹೋಗ್ತಾಳೆ, ಹೇಳು. ಹೇಳು ನೋಡೋಣ."

ಅವಳು ಎದ್ದು ಅಡುಗೆಮನೆಗೆ ಹೋದಳು. ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೆಗೆದು ತೊಳೆದಳು.

ಅವಳ ಆಣೆ ಒಂದು ಬೆಳಗ್ಗೆಯೂ ಉಳಿಯಲಿಲ್ಲ. ಅಂದು ಕ್ಯಾನಪ್ಪ ಡ್ರೈವರ್ ಸೀಟಿನಲ್ಲೇ ಕೂತಿದ್ದ. ಅಮ್ಮ ಒಬ್ಬಳೇ ತಳ್ಳಿದಳು. ಅರ್ಧಕ್ಕಿಂತ ಮೇಲೆ ಕುರ್ಚಿ ಹೋಯಿತು, ನಿಂತಿತು, ಆಮೇಲೆ ನಿಧಾನಕ್ಕೆ ಹಿಂದಕ್ಕೆ ಬರತೊಡಗಿತು. "ಅಮ್ಮಾ!" ಎಂದು ದೊಡ್ಡವಳು ಎರಡೂ ಕೈಯಿಂದ ಚಕ್ರ ಹಿಡಿದಳು, ಅಂಗೈ ಸುಟ್ಟಂತೆ ಉರಿಯಿತು. ಅಮ್ಮನ ಕಾಲು ಕಬ್ಬಿಣದ ಮೇಲೆ ಜಾರುತ್ತಿತ್ತು. ಕ್ಯಾನಪ್ಪ ಹೇಗೆ ಇಳಿದನೋ, ಹೇಗೆ ಓಡಿ ಬಂದನೋ, ಕುರ್ಚಿಗೆ ಭುಜ ಕೊಟ್ಟು, ಹೆಂಡತಿ ಮಗಳು ಇಬ್ಬರನ್ನೂ ತಡೆದು, ಒಂದೇ ನೂಕಿಗೆ ಮೇಲೆ ಹಾಕಿದ. ಹಾಕಿದವನು ಹಲಗೆಯ ಪಕ್ಕದಲ್ಲೇ ಹೊಟ್ಟೆ ಹಿಡಿದುಕೊಂಡು ಕೂತ. ಅವನ ಬಾಯಿಂದ ಬಂದ ಸದ್ದು ಆ ಮನೆಯವರು ಎಂದೂ ಕೇಳಿರದ ಸದ್ದು.

ಅಂದು ತಡವಾಗಿ ಎದ್ದು ಆಗತಾನೇ ಮೆಟ್ಟಿಲಿಳಿಯುತ್ತಿದ್ದ ಪೈಲ್ವಾನ ಅವನನ್ನು ಎತ್ತಿಕೊಂಡು ಓಣಿಯ ತುದಿಯವರೆಗೆ ಓಡಿ ಟ್ಯಾಕ್ಸಿ ಹಿಡಿದ. ಅಮ್ಮನೂ ಹೋದಳು. ದೊಡ್ಡವಳು ವ್ಯಾನಿನೊಳಗೆ ಕುರ್ಚಿಯಲ್ಲಿ ಉಳಿದಳು. ಇಳಿಸುವವರಿರಲಿಲ್ಲ. ಅಜ್ಜಿ ಅಂಗಳದಲ್ಲಿ ನಿಂತು ಅವಳ ಕಡೆ ಕತ್ತೆತ್ತಿ ನೋಡುತ್ತಿದ್ದಳು.

"ಅಜ್ಜೀ, ಏನಾಯ್ತು ಅಪ್ಪಂಗೆ?"

"ಏನಾಗತ್ತೆ? ಮುದುಕರಿಬ್ಬರು ಗುಡ್ಡಕ್ಕೆ ಬಂಡೆ ಹತ್ತಿಸಿದ್ರೆ ಏನಾಗತ್ತೋ ಅದೇ ಆಯ್ತು," ಎಂದು ಅಜ್ಜಿ ಅಳುತ್ತ ಅಂದುಬಿಟ್ಟಳು. "ಎಷ್ಟು ದಿನದಿಂದ ಮುಚ್ಚಿಡ್ತಾರೆ! ಈ ಹಾಳು ಟಯರು ಬಂದ ದಿನದಿಂದ ನಿಮ್ಮಮ್ಮಂಗೆ ತಳ್ಳೋಕೆ ಆಗ್ತಿಲ್ಲ ಕಣೇ."

ದೊಡ್ಡವಳು ಕುರ್ಚಿ ತಿರುಗಿಸಿಕೊಂಡು ವ್ಯಾನಿನ ಅಂಚಿಗೆ ಬಂದಳು. ಇಷ್ಟು ದಿನ ಹತ್ತುವಾಗ ಅವಳಿಗೆ ಕಾಣುತ್ತಿದ್ದದ್ದು ವ್ಯಾನಿನೊಳಗಿನ ಕತ್ತಲೆ ಮಾತ್ರ. ಇಳಿಯುವಾಗಲೂ ಕಾವಲುಗಾರ, ಅಮ್ಮ, ಯಾರೇ ಆದರೂ ಕುರ್ಚಿಯನ್ನು ಹಿಂದುಮುಂದಾಗಿಯೇ ಇಳಿಸುತ್ತಿದ್ದರು. ಈಗ ಮೇಲಿನಿಂದ ಹಲಗೆಯನ್ನು ನೋಡಿದಳು. ಅದು ಅವಳ ಕಾಲ ಬುಡದಿಂದ ಜಾರುಬಂಡೆಯಂತೆ ಅಂಗಳಕ್ಕೆ ಬೀಳುತ್ತಿತ್ತು. ಚಿಕ್ಕವನು ಪಾಳಿ ಮುಗಿಸಿ ಬಂದು ಇಳಿಸುವವರೆಗೆ ಅವಳು ಅಲ್ಲೇ ಕೂತಿದ್ದಳು.

ಆಸ್ಪತ್ರೆಯಲ್ಲಿ ಮತ್ತೆ ಕೊಯ್ದು ಹೊಲಿದರು. ಈ ಸಲ ಡಾಕ್ಟರು ಸ್ಟೇರಿಂಗನ್ನೂ ಕಿತ್ತುಕೊಂಡರು. ತುಂಬ ತಿಂಗಳು ಹಾಸಿಗೆ, ಆಮೇಲೆ ನೋಡೋಣ ಎಂದರು. ಆ ನೋಡೋಣದಲ್ಲಿ ಏನೂ ಇಲ್ಲವೆಂದು ಎಲ್ಲರಿಗೂ ಅರ್ಥವಾಯಿತು.

ಅಮ್ಮ ಬಟ್ಟೆ ಒಯ್ಯಲು ಮನೆಗೆ ಬಂದ ಸಂಜೆ ದೊಡ್ಡವಳು ಬಾಗಿಲಲ್ಲೇ ತಡೆದಳು.

"ಯಾಕೆ ಹೇಳ್ಲಿಲ್ಲ?"

"ಈಗ ಅದೆಲ್ಲ ಯಾಕೆ?"

"ಯಾಕೆ ಹೇಳ್ಲಿಲ್ಲ ಅಂತ ಕೇಳ್ತಿದೀನಿ."

"ಹೇಗೆ ಹೇಳ್ಲಿ? ಎಷ್ಟು ಆಸೆಯಿಂದ ಆರಿಸಿದ್ದೆ! ಅಷ್ಟು ಓದಿ, ಅಷ್ಟು ಜನರನ್ನ ಕೇಳಿ..."

"ಅದಕ್ಕೆ ಅಪ್ಪನ ಹೊಟ್ಟೆ ಹರೀಬೇಕಿತ್ತಾ? ನಂಗೆ ಬೇಜಾರಾಗತ್ತೆ ಅಂತ ಮನೆಮಂದಿಯೆಲ್ಲ ಸೇರಿ ನಾಟಕ ಆಡಿದ್ರಾ? ನಾನೇನು ಚಿಕ್ಕ ಮಗುನಾ?"

"ಕೂಗಾಡ್ಬೇಡಕ್ಕ," ಎಂದ ಚಿಕ್ಕವನು.

"ನೀನು ಸುಮ್ನಿರು. ನಿಂಗೂ ಗೊತ್ತಿತ್ತಾ?"

ಅವನು ಚಪ್ಪಲಿ ನೋಡಿಕೊಂಡ. ಗೊತ್ತಿತ್ತು.

ಅಮ್ಮ ಅಲ್ಲೇ ಹೊಸ್ತಿಲ ಮೇಲೆ ಕೂತುಬಿಟ್ಟಳು. "ಎಲ್ಲಾ ಲೆಕ್ಕ ಹಾಕ್ದೆಯಲ್ಲೇ," ಎಂದಳು. ಸಿಟ್ಟಿರಲಿಲ್ಲ, ದನಿಯೂ ಇರಲಿಲ್ಲ. "ಕ್ಯಾನು ಲೆಕ್ಕ ಹಾಕ್ದೆ, ಗುಂಡಿ ಲೆಕ್ಕ ಹಾಕ್ದೆ, ಲೋಡರಿನ ತೂಕಾನೂ ಹಾಕ್ದೆ. ನಿನ್ನ ಕುರ್ಚಿ ಒಂದನ್ನ ಹೇಗೆ ಮರೆತೆ?"

ದೊಡ್ಡವಳು ಕುರ್ಚಿಯ ಚಕ್ರದ ಮೇಲೆ ಅಂಗೈ ಇಟ್ಟಳು.

"ಆ ಕೆಲಸ ಮಾಡೋವಾಗ ನಾನು ಕುರ್ಚೀಲಿದೀನಿ ಅನ್ನೋದೇ ಮರೆತುಹೋಗಿತ್ತಮ್ಮ," ಎಂದಳು ಕೊನೆಗೆ. "ಎಷ್ಟು ಚೆನ್ನಾಗಿತ್ತು, ಮರೆತದ್ದು. ಆದ್ರೆ ನೀವೂ ಮರೆತುಬಿಟ್ರಲ್ಲ. ದಿನಾ ತಳ್ಳೋ ಕೈ ನಿಂದು. ನಿಂಗೂ ನೆನಪಾಗಲಿಲ್ವಲ್ಲ."

ಅಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಅತ್ತಳು. ಅಜ್ಜಿ ಒಳಗಿನಿಂದ, "ಅನ್ನ ಆರ್ತಿದೆ, ಯಾರಾದ್ರೂ ತಿನ್ರೋ," ಎಂದು ಕೂಗಿದಳು. ಯಾರೂ ಏಳಲಿಲ್ಲ.

ಆಮೇಲಿನ ವಾರಗಳಲ್ಲಿ ಎಲ್ಲ ಪ್ರಯತ್ನವೂ ನಡೆಯಿತು. ಗೂಬೆಗೆ ಲೈಸೆನ್ಸ್ ಇರಲಿಲ್ಲ. ಎರಡು ಸಲ ಪರೀಕ್ಷೆಗೆ ಹೋಗಿ ಎರಡು ಸಲವೂ ಕಂಬಕ್ಕೆ ಗುದ್ದಿದ್ದ. ಅವನ ಪಾಳಿ ಮುಗಿಯುವ ಹೊತ್ತಿಗೆ ಅಕ್ಕನ ಆಫೀಸು ಶುರುವಾಗಿರುತ್ತಿತ್ತು. ಟ್ಯಾಕ್ಸಿಯವರು ದೂರದಿಂದಲೇ ಕುರ್ಚಿ ನೋಡಿ ಗೇರು ಬದಲಿಸುತ್ತಿದ್ದರು. ನಿಂತವರಿಗೆ ಕೊಡುವುದಾದರೆ ಅವಳ ಸಂಬಳ ಅವರಿಗೇ ಸಾಲದು. ಆಫೀಸಿನ ಮೇಲಧಿಕಾರಿ ಒಳ್ಳೆಯ ಹೆಂಗಸು. ಎಷ್ಟೋ ದಿನ ಜಾಗ ಖಾಲಿ ಇಟ್ಟಳು. ಒಂದು ದಿನ ಫೋನು ಮಾಡಿ, "ಬೇಜಾರು ಮಾಡ್ಕೋಬೇಡಮ್ಮ, ಫೋನುಗಳು ಬಡ್ಕೊಳ್ತಾನೇ ಇರ್ತವೆ, ಇನ್ನೊಬ್ಬರನ್ನ ತಗೊಳ್ಲೇಬೇಕಾಯ್ತು," ಎಂದಳು. ದೊಡ್ಡವಳು, "ಪರವಾಗಿಲ್ಲ ಮೇಡಂ, ಅರ್ಥವಾಗತ್ತೆ," ಎಂದು ಫೋನು ಇಟ್ಟಳು. ಇಸ್ತ್ರಿ ಮಾಡಿಟ್ಟಿದ್ದ ಬಟ್ಟೆಗಳನ್ನು ಮಡಿಸಿ ಪೆಟ್ಟಿಗೆಯ ತಳಕ್ಕೆ ಹಾಕು ಎಂದು ಅಮ್ಮನಿಗೆ ಹೇಳಿದಳು. ಮನೆ ನಡೆಯಬೇಕಲ್ಲ, ವ್ಯಾನನ್ನು ನೀರಿನ ಘಟಕಕ್ಕೇ ಬಾಡಿಗೆಗೆ ಬಿಟ್ಟರು. ಅವರದೇ ಡ್ರೈವರು, ಅವರದೇ ಅಂಗಳದಲ್ಲಿ ನಿಲುಗಡೆ.

ಮುಂದಿನ ಕೋಣೆಯಲ್ಲಿ ಈಗ ಇಬ್ಬರಾದರು. ಕಿಟಕಿಯ ಹತ್ತಿರ ಮಗಳ ಕುರ್ಚಿ, ಗೋಡೆಯ ಪಕ್ಕ ಅಪ್ಪನ ಮಂಚ. ಇಬ್ಬರೂ ಓಣಿ ನೋಡುತ್ತಿದ್ದರು. ಬೇಕೆಂದೇ ಯಾವುದಾದರೂ ಮಾತು ತೆಗೆದು, ಅದು ವ್ಯಾನಿನ ಹತ್ತಿರ ಹೋಗುವ ಮುಂಚೆಯೇ ಬಿಟ್ಟುಬಿಡುತ್ತಿದ್ದರು.

ಬಾಡಿಗೆ ಕೊಡಲು ಘಟಕದ ಡ್ರೈವರು ಬಂದ. ಘಟಕಕ್ಕೆ ಇನ್ನೂ ಹೊಸಬ, ಬಾಯಿ ತುಂಬ ಮಾತು. ಅಮ್ಮ ಕೊಟ್ಟ ಚಹಾ ಹಿಡಿದು ಮಂಚದ ಎದುರು ಕೂತ.

"ಯಜಮಾನ್ರೇ, ಒಂದು ಮಾತು ಹೇಳ್ಲೇಬೇಕು. ನಾನು ಹತ್ತಾರು ಗಾಡಿ ಓಡಿಸಿದೀನಿ. ಇಂಥ ಟಯರು ನೋಡಿಲ್ಲ. ಮೊನ್ನೆ ಫುಲ್ ಲೋಡು, ದೊಡ್ಡ ಗುಂಡಿ, ಸತ್ತೇ ಅಂದ್ಕೊಂಡೆ. ಹೂವಿನ ಹಾಗೆ ದಾಟ್ತು! ಬೇರೆ ಟಯರಾಗಿದ್ರೆ ನನ್ನ ಹೆಂಡ್ತಿ ಮಕ್ಕಳು ಬೀದಿಪಾಲು. ಯಾರು ಆರಿಸಿದ್ದು ನಿಮಗೆ?"

ಕ್ಯಾನಪ್ಪ ಮಗಳ ಕಡೆ ನೋಡಲಿಲ್ಲ. "ನನ್ನ ಮಗಳು," ಎಂದ.

ಡ್ರೈವರು ತಿರುಗಿ ಎರಡೂ ಕೈ ಜೋಡಿಸಿದ. "ನೀವಾ ತಂಗೀ? ಪುಣ್ಯ ಕಟ್ಕೊಂಡ್ರಿ ಕಣಮ್ಮ. ಭಾನುವಾರ ನಾನು ಖಾಲಿ ಇರ್ತೀನಿ. ಎಲ್ಲಾದ್ರೂ ಹೋಗಿ ಬರೋದಿದ್ರೆ ಹೇಳಿ, ಎಷ್ಟು ದೂರ ಬೇಕಾದ್ರೂ ಕರ್ಕೊಂಡು ಹೋಗ್ತೀನಿ. ನೀವು ಸುಮ್ನೆ ಹತ್ತಿ ಕೂತ್ಕೊಂಡ್ರೆ ಸಾಕು."

ಅವನಿಗೆ ಏನೂ ಗೊತ್ತಿರಲಿಲ್ಲ. ಅವಳು ಈ ಕಡೆ ತಿರುಗಿ ಕಿಟಕಿಯ ಬೆಳಕಿಗೆ ಬೆನ್ನು ಮಾಡಿದ್ದರಿಂದ, ಕೂತದ್ದು ಎಂಥ ಕುರ್ಚಿಯಲ್ಲಿ ಎಂದೂ ಅವನು ನೋಡಿರಲಿಲ್ಲವೇನೋ. ಅಮ್ಮ ಬಾಗಿಲ ಚೌಕಟ್ಟನ್ನು ಗಟ್ಟಿಯಾಗಿ ಹಿಡಿದುಕೊಂಡಳು.

"ಬೇಡಣ್ಣ," ಎಂದಳು ದೊಡ್ಡವಳು. "ನಂಗೆಲ್ಲೂ ಹೋಗೋಕಿಲ್ಲ. ಹಿಂದಿನ ಟಯರಿಗೆ ಗಾಳಿ ಕಡಿಮೆ ಮಾಡ್ಬೇಡಿ. ಲೋಡ್ ಹಾಕೋ ಮುಂಚೆ, ಬೆಳಿಗ್ಗೆ ತಣ್ಣಗಿರುವಾಗ ನೋಡ್ಕೊಳ್ಳಿ."

"ಆಗ್ಲಿ ತಂಗೀ, ಆಗ್ಲಿ."

ಅವನು ಹೋದ. ವ್ಯಾನು ತಿರುವಿನಲ್ಲಿ ಹಿಂದೆ ಮುಂದೆ ಆಗಿ, ಓಣಿಯಿಂದ ಹೊರಟುಹೋದ ಸದ್ದು ಕೇಳಿಸಿತು. ಅಮ್ಮ ಲೋಟ ಎತ್ತಿಕೊಂಡು ಒಳಗೆ ಹೋದಳು.

ಕ್ಯಾನಪ್ಪ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದ. ಅವನ ಬೆನ್ನು ಅಲುಗುತ್ತಿತ್ತು.

"ಒಳ್ಳೇ ಟಯರು ಕಣೇ," ಎಂದ.

"ಹೂಂ ಅಪ್ಪಾ," ಎಂದಳು ಮಗಳು. "ಒಳ್ಳೇ ಟಯರು."